ಗ್ರಾಮ ಪಂಚಾಯಿತಿ ಕೆರೆಗಳಿಗೆ ಮೀನುಮರಿ ಬಿತ್ತನೆ: ಜಾತಿ ಮತ್ತು ತಳಿಯ ಆಯ್ಕೆ
(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಲೇಖನ)

1. ಪೀಠಿಕೆ

ಸಂವಿಧಾನದ 11ನೇ ಅನುಸೂಚಿಯು ಪಂಚಾಯಿತಿಗಳಿಗೆ ಸಂಬಂಧಿಸಿ ಪಟ್ಟಿ ಮಾಡಿರುವ 29 ವಿಷಯಗಳಲ್ಲಿ ಮೀನುಗಾರಿಕೆಯೂ ಒಂದು. ಗ್ರಾಮದ ಕೆರೆಯು ಅಚ್ಚುಕಟ್ಟಿಗೆ ನೀರನ್ನೂ ದನಕರುಗಳಿಗೆ ಕುಡಿಯುವ ನೀರನ್ನೂ ಒದಗಿಸುವುದರ ಜೊತೆಗೆ, ಸರಿಯಾಗಿ ನೋಡಿಕೊಂಡಲ್ಲಿ ಪಂಚಾಯಿತಿಗೆ ಸ್ವಂತ ಸಂಪನ್ಮೂಲವನ್ನೂ ಮೀನುಗಾರ ಕುಟುಂಬಗಳಿಗೆ ದುಡಿಮೆಯನ್ನೂ ಗ್ರಾಮಸ್ಥರಿಗೆ ಪೌಷ್ಟಿಕ ಆಹಾರವನ್ನೂ ಕೊಡಬಲ್ಲದು. ಆದರೂ ಕೆರೆಗೆ ಯಾವ ಮೀನುಮರಿಯನ್ನು ಬಿಡಬೇಕು ಎಂಬ ಪ್ರಶ್ನೆಯು ಸಾಮಾನ್ಯ ಸಭೆಯಲ್ಲಿ ಚರ್ಚೆಗೆ ಬರುವುದು ಅಪರೂಪ. ಗುತ್ತಿಗೆಯ ಮೊತ್ತ ನಿಗದಿಯಾದೊಡನೆ ಚರ್ಚೆ ಮುಗಿಯುತ್ತದೆ. ಮರಿಗಳ ಆಯ್ಕೆಯನ್ನು ಗುತ್ತಿಗೆದಾರರಿಗೋ ಮಾರಾಟಗಾರರಿಗೋ ಬಿಡಲಾಗುತ್ತದೆ.

ಇದರ ಪರಿಣಾಮ ತಕ್ಷಣ ಕಾಣಿಸುವುದಿಲ್ಲ. ಹೊಲದಲ್ಲಿ ಬಿತ್ತಿದ ಬೀಜ ಮೊಳೆಯದಿದ್ದರೆ ವಾರದೊಳಗೆ ತಿಳಿಯುತ್ತದೆ. ಕೆರೆಗೆ ಬಿಟ್ಟ ಮರಿ ಸತ್ತರೂ ಬೆಳೆಯದಿದ್ದರೂ ಅದು ತಿಳಿಯುವುದು ಏಳೆಂಟು ತಿಂಗಳ ನಂತರ, ಬಲೆ ಎಳೆದಾಗ. ಅಷ್ಟರಲ್ಲಿ ಹಂಗಾಮು ಮುಗಿದಿರುತ್ತದೆ. ಮುಂದಿನ ವರ್ಷದ ಗುತ್ತಿಗೆಗೆ ಯಾರೂ ಮುಂದೆ ಬರದ ಸ್ಥಿತಿಯೂ ಉಂಟಾಗುತ್ತದೆ. ಆದಕಾರಣ ಬಿತ್ತನೆಗೆ ಮುಂಚೆಯೇ ಸದಸ್ಯರು ತಿಳಿದಿರಬೇಕಾದ ವಿಷಯಗಳನ್ನು ಈ ಲೇಖನದಲ್ಲಿ ಕ್ರಮವಾಗಿ ವಿವರಿಸಲಾಗಿದೆ.

2. ಜಾತಿ ಬೇರೆ, ತಳಿ ಬೇರೆ

ರಾಗಿ ಒಂದು ಬೆಳೆ. ಇಂಡಾಫ್ ತಳಿಗಳು, ಜಿಪಿಯು-28 ಮುಂತಾದವು ಆ ಬೆಳೆಯ ತಳಿಗಳು. ಭಾರತೀಯ ಮತ್ತು ಆಫ್ರಿಕಾ ಮೂಲದ ರಾಗಿಗಳನ್ನು ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ರೂಪಿಸಿದ ಮೇಲೆ ಅದೇ ಹೊಲದಲ್ಲಿ ಇಳುವರಿ ಹೆಚ್ಚಿದ್ದನ್ನು ರಾಜ್ಯದ ರೈತರು ಕಂಡಿದ್ದಾರೆ. ಮೀನಿನ ವಿಷಯವೂ ಹೀಗೆಯೇ. ಕಾಟ್ಲಾ, ರೋಹು, ಮೃಗಾಲ, ಸಾಮಾನ್ಯ ಗೆಂಡೆ ಇವು ಜಾತಿಗಳು. ಒಂದೇ ಜಾತಿಯೊಳಗೆ ಬೆಳವಣಿಗೆಯ ವೇಗ, ಬಲಿಯುವ ವಯಸ್ಸು, ದೇಹದ ಆಕಾರ ಇವುಗಳಲ್ಲಿ ವಂಶಪಾರಂಪರ್ಯವಾಗಿ ಭಿನ್ನವಾಗಿರುವ ಗುಂಪುಗಳೇ ತಳಿಗಳು.

ರಾಗಿಗೂ ಮೀನಿಗೂ ಒಂದು ವ್ಯತ್ಯಾಸವಿದೆ. ಬಿತ್ತನೆ ರಾಗಿಯು ಪ್ರಮಾಣೀಕೃತ ಚೀಲದಲ್ಲಿ ಬರುತ್ತದೆ. ಚೀಲಕ್ಕೆ ಚೀಟಿ ಇರುತ್ತದೆ. ಮೀನುಮರಿ ಬರುವುದು ನೀರು ಮತ್ತು ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ. ಒಂದು ಅಂಗುಲದ ಮರಿಯನ್ನು ನೋಡಿ ಅದು ಸುಧಾರಿತ ತಳಿಯೋ ಸ್ಥಳೀಯ ತಳಿಯೋ ಎಂದು ಹೇಳಲು ಅನುಭವಿಗಳಿಗೂ ಸಾಧ್ಯವಿಲ್ಲ. ಆದ್ದರಿಂದ ತಳಿಯ ಆಯ್ಕೆ ಎಂದರೆ ವಾಸ್ತವವಾಗಿ ಮರಿಯು ಬಂದ ಮೂಲದ ಆಯ್ಕೆ. ಈ ಮಾತನ್ನು ಲೇಖನದ ಉದ್ದಕ್ಕೂ ನೆನಪಿನಲ್ಲಿಡುವುದು ಅಗತ್ಯ.

3. ಮೊದಲು ಕೆರೆಯನ್ನು ಅರಿಯುವುದು

ತಳಿಯ ಹೆಸರನ್ನು ಕೇಳುವ ಮುನ್ನ ಕೆರೆಗೆ ಸಂಬಂಧಿಸಿದ ಐದು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳತಕ್ಕದ್ದು.

(ಅ) ಕೆರೆಯ ಮೀನುಗಾರಿಕೆ ಹಕ್ಕು ಯಾರದು? ಎಲ್ಲ ಕೆರೆಗಳ ಹಕ್ಕೂ ಗ್ರಾಮ ಪಂಚಾಯಿತಿಯದಲ್ಲ. ಅನೇಕ ಕೆರೆಗಳ ಮೀನು ಪಾಶುವಾರು ಹಕ್ಕನ್ನು ಮೀನುಗಾರಿಕೆ ಇಲಾಖೆಯು ನಿರ್ವಹಿಸುತ್ತದೆ. ದಾಖಲೆಯಿಂದ ಖಚಿತಪಡಿಸಿಕೊಂಡ ಬಳಿಕವೇ ಮುಂದಿನ ಹೆಜ್ಜೆ.

(ಆ) ನೀರು ಎಷ್ಟು ತಿಂಗಳು ನಿಲ್ಲುತ್ತದೆ? ವರ್ಷವಿಡೀ ನೀರಿರುವ ದೀರ್ಘಕಾಲಿಕ ಕೆರೆಗೂ ಆರರಿಂದ ಎಂಟು ತಿಂಗಳು ಮಾತ್ರ ನೀರಿರುವ ಹಂಗಾಮಿ ಕೆರೆಗೂ ಒಂದೇ ಬಿತ್ತನೆ ಹೊಂದುವುದಿಲ್ಲ.

(ಇ) ಕೆರೆ ತುಂಬುವುದು ಯಾವ ತಿಂಗಳಲ್ಲಿ? ಮಲೆನಾಡಿನ ಅಂಚಿನ ಕೆರೆ ಜುಲೈನಲ್ಲೇ ತುಂಬಿದರೆ, ಬಯಲುಸೀಮೆಯ ಅನೇಕ ಕೆರೆಗಳಿಗೆ ನೀರು ಬರುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್ ಮಳೆಗಳಲ್ಲಿ.

(ಈ) ಬೇಸಿಗೆಯಲ್ಲಿ ನೀರು ತಗ್ಗಿದಾಗ ಉಳಿಯುವ ಸರಾಸರಿ ಜಲವಿಸ್ತೀರ್ಣ ಎಷ್ಟು? ಕೋಡಿ ಬಿದ್ದ ದಿನದ ವಿಸ್ತೀರ್ಣವನ್ನು ಲೆಕ್ಕಕ್ಕೆ ಹಿಡಿದು ಮರಿ ಬಿಟ್ಟರೆ ಬಿತ್ತನೆ ವಿಪರೀತ ಹೆಚ್ಚಾಗಿ ಮೀನು ಸಣ್ಣದಾಗಿಯೇ ಉಳಿಯುತ್ತದೆ.

(ಉ) ಕೆರೆಯಲ್ಲಿ ಈಗಾಗಲೇ ಏನಿದೆ? ಕೊರವ, ಬಾಳೆ ಮುಂತಾದ ಮಾಂಸಾಹಾರಿ ಮೀನುಗಳಿವೆಯೇ, ಜಿಲೇಬಿ ಮೀನು ತುಂಬಿಕೊಂಡಿದೆಯೇ, ನೀರುಕಳೆ ಎಷ್ಟಿದೆ ಎಂಬುದನ್ನು ಊರಿನ ಮೀನುಗಾರರಿಂದ ಕೇಳಿ ತಿಳಿಯಬಹುದು. ಈ ಪ್ರಶ್ನೆಗೆ ಅವರಷ್ಟು ನಿಖರವಾಗಿ ಉತ್ತರಿಸಬಲ್ಲವರು ಬೇರೆ ಇಲ್ಲ.

4. ಕೆರೆಗೆ ತಕ್ಕ ಜಾತಿ

ಕಾಟ್ಲಾ, ರೋಹು ಮತ್ತು ಮೃಗಾಲ ಉತ್ತರ ಭಾರತದ ಗಂಗಾ ಮುಂತಾದ ನದಿಗಳ ಮೂಲದವು. ಕಾಟ್ಲಾ ನೀರಿನ ಮೇಲ್ಪದರದಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು ತಿನ್ನುತ್ತದೆ. ರೋಹು ನಡುಪದರದಲ್ಲಿ ಮೇಯುತ್ತದೆ. ಮೃಗಾಲ ತಳದ ಕೊಳೆತ ಸಾವಯವ ಪದಾರ್ಥವನ್ನು ಅವಲಂಬಿಸಿದೆ. ಹೀಗೆ ಒಂದರ ಆಹಾರಕ್ಕೆ ಮತ್ತೊಂದು ಅಡ್ಡಬರದ ಕಾರಣ ಇವನ್ನು ಕೂಡಿಸಿ ಬಿಡುವುದು ರೂಢಿಗೆ ಬಂದಿದೆ. ಈ ಮೂರೂ ನಿಂತ ನೀರಿನಲ್ಲಿ ಸಾಮಾನ್ಯವಾಗಿ ಮರಿ ಮಾಡುವುದಿಲ್ಲ. 1957ರ ಜುಲೈ 10ರಂದು ಡಾ. ಹೀರಾಲಾಲ್ ಚೌಧುರಿಯವರು ಒಡಿಶಾದಲ್ಲಿ ಪಿಟ್ಯೂಟರಿ ಗ್ರಂಥಿಯ ಸಾರವನ್ನು ಚುಚ್ಚಿ ಈ ಗೆಂಡೆಗಳನ್ನು ಪ್ರೇರಿತ ವಿಧಾನದಿಂದ ಮರಿ ಮಾಡಿಸಿದ ಬಳಿಕವೇ ದೇಶದಾದ್ಯಂತ ಮರಿ ದೊರೆಯುವಂತಾಯಿತು. ಅದರ ಸ್ಮರಣೆಗಾಗಿಯೇ ಜುಲೈ 10ನ್ನು ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಆಚರಿಸಲಾಗುತ್ತಿದೆ.

ಸಾಮಾನ್ಯ ಗೆಂಡೆಯು ಹೊರದೇಶದಿಂದ ಬಂದ ಜಾತಿ. ತಳದಲ್ಲಿ ಮೇಯುವ, ಸಿಕ್ಕಿದ್ದನ್ನೆಲ್ಲ ತಿನ್ನುವ, ಒರಟು ಪರಿಸರವನ್ನು ತಾಳಿಕೊಳ್ಳುವ ಮೀನು. ಕೆರೆಯಲ್ಲಿಯೇ ಮೊಟ್ಟೆ ಇಡುತ್ತದೆ. ವರ್ಷದ ಹೆಚ್ಚಿನ ತಿಂಗಳುಗಳಲ್ಲಿ ಇದರ ಮರಿಯನ್ನು ಪಡೆಯಬಹುದಾದ್ದರಿಂದ ತಡವಾಗಿ ತುಂಬುವ ಕೆರೆಗಳಿಗೆ ಇದು ಅನುಕೂಲ. ಆದರೆ ಆಹಾರ ಹುಡುಕುತ್ತ ತಳವನ್ನು ಕೆದಕುವುದರಿಂದ ನೀರು ಕದಡುತ್ತದೆ. ಕುಡಿಯುವ ನೀರಿಗಾಗಿ ಬಳಸುವ ಕೆರೆಗಳಲ್ಲಿ ಇದರ ಪ್ರಮಾಣವನ್ನು ಮಿತವಾಗಿರಿಸುವುದು ಒಳಿತು.

ಹುಲ್ಲುಗೆಂಡೆ ಮತ್ತು ಬೆಳ್ಳಿಗೆಂಡೆ 1959ರಲ್ಲಿ ಭಾರತಕ್ಕೆ ಬಂದವು. ನೀರಿನೊಳಗಿನ ಮೃದುವಾದ ಕಳೆ ಹೆಚ್ಚಿರುವ ಕೆರೆಗೆ ಹುಲ್ಲುಗೆಂಡೆಯನ್ನು ಅಲ್ಪ ಸಂಖ್ಯೆಯಲ್ಲಿ ಸೇರಿಸಬಹುದು. ಕಳೆಯಿಲ್ಲದ ಕೆರೆಗೆ ಅದು ಬೇಡ. ಬೆಳ್ಳಿಗೆಂಡೆಯು ಕಾಟ್ಲಾದ ಆಹಾರಕ್ಕೆ ಪೈಪೋಟಿ ನೀಡುತ್ತದೆ. ಕಾಟ್ಲಾಕ್ಕೆ ಒಳ್ಳೆಯ ಬೆಲೆ ಇರುವ ಕಡೆ ಅದನ್ನು ಬಿಟ್ಟು ನಷ್ಟಕ್ಕೊಳಗಾಗುವ ಕಾರಣವಿಲ್ಲ.

ಸ್ಥೂಲವಾಗಿ ಹೇಳುವುದಾದರೆ, ದೀರ್ಘಕಾಲಿಕ ಕೆರೆಗೆ ಕಾಟ್ಲಾ, ರೋಹು, ಮೃಗಾಲಗಳ ಮಿಶ್ರಣವೂ, ಹಂಗಾಮಿ ಕೆರೆಗೆ ಕಾಟ್ಲಾ ಮತ್ತು ಸಾಮಾನ್ಯ ಗೆಂಡೆಗಳು ಪ್ರಧಾನವಾದ ಮಿಶ್ರಣವೂ ಹೊಂದುತ್ತವೆ. ಮೇಲ್ಪದರ, ನಡುಪದರ, ತಳ ಈ ಮೂರಕ್ಕೂ ಪಾಲು ಸಿಗುವಂತೆ ನೋಡಿಕೊಳ್ಳುವುದೇ ಇದರ ಸೂತ್ರ.

5. ಲಭ್ಯವಿರುವ ಸುಧಾರಿತ ತಳಿಗಳು

5.1 ಸಾಮಾನ್ಯ ಗೆಂಡೆ ಮತ್ತು ಅಮೂರ್ ತಳಿ

ಸಾಮಾನ್ಯ ಗೆಂಡೆಯ ಒಂದು ತಳಿಯನ್ನು 1939ರಲ್ಲಿ ಸಿಲೋನಿನಿಂದ ನೀಲಗಿರಿಗೆ ತರಲಾಯಿತು. ಅದು ತಂಪು ನೀರಿಗೆ ಹೊಂದುವ ಕನ್ನಡಿ ಗೆಂಡೆ. 1957ರಲ್ಲಿ ಬ್ಯಾಂಕಾಕಿನಿಂದ ತಂದ ತಳಿಯು ಬಯಲುನಾಡಿನ ಬೆಚ್ಚಗಿನ ನೀರಿಗೆ ಹೊಂದಿಕೊಂಡಿತು. ರಾಜ್ಯದ ಕೆರೆಗಳಲ್ಲಿ ಹಬ್ಬಿದ ಸಾಮಾನ್ಯ ಗೆಂಡೆ ಬಹುಮಟ್ಟಿಗೆ ಈ ಎರಡನೆಯದರ ಸಂತತಿ.

ಈ ಸ್ಥಳೀಯ ತಳಿಯ ಮುಖ್ಯ ದೋಷವೆಂದರೆ ಅತಿ ಬೇಗ ಬಲಿಯುವುದು. ಬೆಚ್ಚಗಿನ ನೀರಿನಲ್ಲಿ ಆರೇಳು ತಿಂಗಳಿಗೇ, ಇನ್ನೂ ಮಾರಾಟದ ಗಾತ್ರಕ್ಕೆ ಬರುವ ಮೊದಲೇ, ಮೊಟ್ಟೆ ಕಟ್ಟುತ್ತದೆ. ತಿಂದ ಆಹಾರವು ಮಾಂಸವಾಗುವ ಬದಲು ಮೊಟ್ಟೆಯಾಗುತ್ತದೆ. ಹೊಟ್ಟೆ ಉಬ್ಬಿದ ಮೀನಿಗೆ ಮಾರುಕಟ್ಟೆಯಲ್ಲಿ ಬೆಲೆಯೂ ಕಡಿಮೆ. ಮೇಲಾಗಿ ಅದು ಕೆರೆಯಲ್ಲೇ ಮರಿ ಮಾಡಿ ಸಂಖ್ಯೆ ಹೆಚ್ಚಿಸಿಕೊಳ್ಳುವುದರಿಂದ ಬಿಟ್ಟ ಮರಿಗಳಿಗೆ ಆಹಾರ ಸಾಲದಾಗುತ್ತದೆ. ಹಂಗಾಮಿ ಕೆರೆಗಳಲ್ಲಿ ಮೀನು ಪಾವು ಕಿಲೋ ದಾಟುವುದಿಲ್ಲ ಎಂಬ ದೂರಿಗೆ ಇದೂ ಒಂದು ಕಾರಣ.

ಈ ದೋಷದ ಪರಿಹಾರಕ್ಕಾಗಿ ಹಂಗೇರಿಯಿಂದ ಅಮೂರ್ ತಳಿಯನ್ನು ಕರ್ನಾಟಕಕ್ಕೆ ತರಿಸಿ ಬೆಂಗಳೂರು ಬಳಿಯ ಹೆಸರಘಟ್ಟದಲ್ಲಿ ಪರೀಕ್ಷಿಸಲಾಯಿತು. ಇದು ಉದ್ದನೆಯ ಮೈಯ, ಮೈತುಂಬ ಹುರುಪೆಯುಳ್ಳ ತಳಿ. ಸ್ಥಳೀಯ ತಳಿಗಿಂತ ತಡವಾಗಿ ಬಲಿಯುತ್ತದೆ. ಆದ್ದರಿಂದ ಅದೇ ಅವಧಿಯಲ್ಲಿ ಹೆಚ್ಚು ತೂಕ ಬರುತ್ತದೆ. ಕರ್ನಾಟಕದಿಂದ ಇದು ಈಶಾನ್ಯ ರಾಜ್ಯಗಳಿಗೂ ಹೋಗಿದೆ. ಹಂಗಾಮಿ ಕೆರೆಗೆ ಸಾಮಾನ್ಯ ಗೆಂಡೆಯನ್ನು ಬಿಡುವುದೆಂದು ತೀರ್ಮಾನಿಸಿದ ಪಂಚಾಯಿತಿಯು ಅಮೂರ್ ತಳಿಯನ್ನೇ ಕೇಳುವುದು ಸೂಕ್ತ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಕೆರೆಯಲ್ಲಿ ಹಳೆಯ ತಳಿ ಉಳಿದಿದ್ದರೆ ಅಮೂರ್ ಅದರೊಡನೆ ಬೆರೆಯುತ್ತದೆ. ಅಂತಹ ಕೆರೆಯಲ್ಲಿ ಹುಟ್ಟಿದ ಮರಿಯನ್ನು ಹಿಡಿದು ಅಮೂರ್ ಎಂದು ಬೇರೆ ಕೆರೆಗೆ ಬಿಡುವುದು ತಪ್ಪು. ಪ್ರತಿ ವರ್ಷವೂ ಮೂಲ ಕೇಂದ್ರದ ಮರಿಯನ್ನೇ ತರತಕ್ಕದ್ದು.

5.2 ಜಯಂತಿ ರೋಹು

ಭುವನೇಶ್ವರ ಸಮೀಪದ ಕೌಸಲ್ಯಾಗಂಗದಲ್ಲಿರುವ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯು ನಾರ್ವೆಯ ಸಂಶೋಧನಾ ಸಂಸ್ಥೆಯೊಂದರ ಸಹಯೋಗದಲ್ಲಿ 1992ರಲ್ಲಿ ರೋಹುವಿನ ಆಯ್ಕೆ ತಳಿವರ್ಧನೆಯನ್ನು ಆರಂಭಿಸಿತು. ಗಂಗಾ, ಯಮುನಾ, ಗೋಮತಿ, ಸಟ್ಲೆಜ್ ಮತ್ತು ಬ್ರಹ್ಮಪುತ್ರ ನದಿಗಳಿಂದ ಹಿಡಿದ ಮೀನುಗಳನ್ನೂ ಕೃಷಿ ಕೊಳದ ಮೀನುಗಳನ್ನೂ ಕೂಡಿಸಿ, ಪ್ರತಿ ಪೀಳಿಗೆಯಲ್ಲಿ ಚೆನ್ನಾಗಿ ಬೆಳೆದ ಕುಟುಂಬಗಳನ್ನು ಮಾತ್ರ ಮುಂದಿನ ಪೀಳಿಗೆಗೆ ಆಯ್ದುಕೊಳ್ಳಲಾಯಿತು. ಸ್ವಾತಂತ್ರ್ಯದ ಸುವರ್ಣ ಮಹೋತ್ಸವದ ವರ್ಷವಾದ 1997ರಲ್ಲಿ ಬಿಡುಗಡೆಯಾದ್ದರಿಂದ ಜಯಂತಿ ಎಂಬ ಹೆಸರು ಬಂದಿತು. ಪ್ರತಿ ಪೀಳಿಗೆಗೆ ಸರಾಸರಿ ಶೇ. 17ರಷ್ಟು ಬೆಳವಣಿಗೆಯ ಹೆಚ್ಚಳ ಸಾಧಿಸಿದ ತಳಿ ಇದು.

5.3 ಸುಧಾರಿತ ಕಾಟ್ಲಾ

ಅದೇ ಸಂಸ್ಥೆಯು ಕಾಟ್ಲಾದಲ್ಲಿಯೂ ಇದೇ ಬಗೆಯ ಆಯ್ಕೆಯನ್ನು ಕೈಗೊಂಡು ಅಮೃತ ಕಾಟ್ಲಾ ಎಂಬ ಹೆಸರಿನಲ್ಲಿ ತಳಿಯನ್ನು ನೀಡಿದೆ. ರಾಜ್ಯದ ಕೆರೆಗಳಲ್ಲಿ ಹೆಚ್ಚು ಬೇಡಿಕೆಯಿರುವುದು ಕಾಟ್ಲಾಕ್ಕೇ ಆದ್ದರಿಂದ ಇದರ ಮರಿ ದೊರೆಯುವುದೇ ಎಂದು ವಿಚಾರಿಸುವುದು ಲಾಭಕರ. ಈ ಸಂಸ್ಥೆಯ ಪ್ರಾದೇಶಿಕ ಕೇಂದ್ರವೊಂದು ಹೆಸರಘಟ್ಟದಲ್ಲಿದೆ.

5.4 ಬಿಡಕೂಡದ ಮೀನುಗಳು

ಆಫ್ರಿಕನ್ ಕ್ಯಾಟ್‌ಫಿಶ್ ಅನ್ನು ಕೇಂದ್ರ ಸರ್ಕಾರವು 2000ದಲ್ಲಿಯೇ ನಿಷೇಧಿಸಿದೆ. ಬೇಗ ಬೆಳೆಯುವ ಮೀನೆಂದು ಬೇರೆ ಬೇರೆ ಹೆಸರಿನಲ್ಲಿ ಇದನ್ನು ಮಾರುವವರಿದ್ದಾರೆ. ಇದು ಇತರ ಮೀನುಗಳನ್ನು ತಿಂದು, ಕೋಡಿಯ ಮೂಲಕ ಹಳ್ಳಕ್ಕೂ ನದಿಗೂ ಸೇರಿ, ಸ್ಥಳೀಯ ಜಾತಿಗಳನ್ನು ನಾಶಮಾಡುತ್ತದೆ. ಯಾವ ಕಾರಣಕ್ಕೂ ಇದಕ್ಕೆ ಅವಕಾಶ ಕೊಡಕೂಡದು.

ಜಿಲೇಬಿ ಮೀನಿನ ಸುಧಾರಿತ ತಳಿಯಾದ ಗಿಫ್ಟ್ ತಿಲಾಪಿಯದ ಸಾಕಣೆಗೆ ಪ್ರತ್ಯೇಕ ಅನುಮತಿಯೂ ಮೀನು ಹೊರಹೋಗದಂತಹ ಭದ್ರ ವ್ಯವಸ್ಥೆಯೂ ಬೇಕು. ಕೋಡಿ ಹರಿಯುವ ಕೆರೆಯು ಅಂತಹ ಸ್ಥಳವಲ್ಲ. 1952ರಲ್ಲಿ ದೇಶಕ್ಕೆ ಬಂದ ಹಳೆಯ ಜಿಲೇಬಿ ಮೀನು ಕೆರೆಗಳಲ್ಲಿ ಹೇಗೆ ಹಬ್ಬಿ ಕುಬ್ಜವಾಗಿ ಉಳಿಯಿತು ಎಂಬುದು ಸದಸ್ಯರಿಗೆ ತಿಳಿದೇ ಇದೆ.

6. ಒಳ್ಳೆಯ ತಳಿ ಕೆಡುವ ಬಗೆ

ತಳಿಯ ಹೆಸರು ಉಳಿದು ಗುಣ ಹೋಗುವುದು ಮೀನುಮರಿ ಕೇಂದ್ರಗಳಲ್ಲಿ. ಅದಕ್ಕೆ ಮೂರು ಕಾರಣಗಳಿವೆ.

ಒಂದು, ಒಳಸಂತಾನ. ಒಂದು ಹೆಣ್ಣು ಮೀನು ಲಕ್ಷಗಟ್ಟಲೆ ಮೊಟ್ಟೆ ಇಡುವುದರಿಂದ ಕೆಲವೇ ತಾಯಿಮೀನುಗಳಿಂದ ಇಡೀ ಜಿಲ್ಲೆಗೆ ಸಾಕಾಗುವಷ್ಟು ಮರಿ ತೆಗೆಯಬಹುದು. ಅದೇ ಮರಿಗಳಲ್ಲಿ ಕೆಲವನ್ನು ಉಳಿಸಿಕೊಂಡು ಮತ್ತೆ ತಾಯಿಮೀನು ಮಾಡಿದರೆ ಒಡಹುಟ್ಟಿದವುಗಳ ನಡುವೆಯೇ ಸಂತಾನ ನಡೆಯುತ್ತದೆ. ಬೆಳವಣಿಗೆ ಕುಗ್ಗುತ್ತದೆ, ವಿಕಾರದ ಮರಿಗಳು ಹೆಚ್ಚುತ್ತವೆ. ಕರ್ನಾಟಕದ ಗೆಂಡೆ ಮೀನುಮರಿ ಕೇಂದ್ರಗಳನ್ನು ಕುರಿತು 1990ರಲ್ಲಿ ಪ್ರಕಟವಾದ ವೈಜ್ಞಾನಿಕ ಅಧ್ಯಯನವೊಂದು ಈ ತೊಂದರೆಯನ್ನೇ ಎತ್ತಿ ತೋರಿಸಿತ್ತು.

ಎರಡು, ತಿರುಗುಮುರುಗಾದ ಆಯ್ಕೆ. ದೊಡ್ಡ ಮೀನನ್ನು ಮಾರುಕಟ್ಟೆಗೆ ಕಳುಹಿಸಿ, ಮಾರಾಟವಾಗದೆ ಉಳಿದ ಸಣ್ಣ ಮೀನನ್ನು ತಾಯಿಮೀನಾಗಿ ಇಟ್ಟುಕೊಂಡಲ್ಲಿ ನಿಧಾನವಾಗಿ ಬೆಳೆಯುವ ಗುಣವೇ ಮುಂದುವರಿಯುತ್ತದೆ. ಜೊಳ್ಳನ್ನು ಬೀಜಕ್ಕಿಟ್ಟು ಗಟ್ಟಿ ಕಾಳನ್ನು ಮಾರಿದಂತೆ ಇದು.

ಮೂರು, ಬೆರಕೆ. ಕಾಟ್ಲಾ ಮತ್ತು ರೋಹುಗಳನ್ನು ಒಂದೇ ತೊಟ್ಟಿಯಲ್ಲಿ ಒಟ್ಟಿಗೆ ಮರಿ ಮಾಡಿಸಿದರೆ ಮಿಶ್ರಜಾತಿಯ ಮರಿಗಳು ಹುಟ್ಟುತ್ತವೆ. ಇವು ಸಣ್ಣದಿದ್ದಾಗ ಗುರುತಿಗೆ ಸಿಗುವುದಿಲ್ಲ. ದೊಡ್ಡದಾದ ಮೇಲೆ ಕಾಟ್ಲಾವೂ ಅಲ್ಲದ ರೋಹುವೂ ಅಲ್ಲದ ಮೀನು ದೊರೆಯುತ್ತದೆ. ಇವುಗಳಿಂದ ಮತ್ತೆ ಮರಿ ತೆಗೆದಲ್ಲಿ ಶುದ್ಧ ಜಾತಿಯೇ ಕ್ರಮೇಣ ಅಳಿಯುತ್ತದೆ.

ಈ ಮೂರನ್ನೂ ಪಂಚಾಯಿತಿಯು ಪ್ರಯೋಗಾಲಯದಲ್ಲಿ ಪರೀಕ್ಷಿಸಲಾರದು. ಆದರೆ ಮರಿ ಕೊಡುವವರನ್ನು ನಾಲ್ಕು ಪ್ರಶ್ನೆ ಕೇಳಬಹುದು: ತಾಯಿಮೀನು ಎಲ್ಲಿಂದ ಬಂದಿತು, ಯಾವ ವರ್ಷ ಬಂದಿತು, ಎಷ್ಟಿವೆ, ಜಾತಿವಾರು ಪ್ರತ್ಯೇಕವಾಗಿ ಮರಿ ಮಾಡಿಸಲಾಗುತ್ತದೆಯೇ. ಉತ್ತರವನ್ನು ಬರವಣಿಗೆಯಲ್ಲಿ ಕೊಡಲು ಒಪ್ಪುವ ಕೇಂದ್ರವನ್ನೂ ಒಪ್ಪದ ಕೇಂದ್ರವನ್ನೂ ಒಂದೇ ತಕ್ಕಡಿಯಲ್ಲಿ ತೂಗಕೂಡದು.

7. ತಳಿಯೋ, ಮರಿಯ ಗಾತ್ರವೋ?

ಸುಧಾರಿತ ತಳಿಯ ಮರಿ ದುಬಾರಿ ಎಂದು ಅದನ್ನು ಸಣ್ಣ ಗಾತ್ರದಲ್ಲಿ ಕೊಳ್ಳುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಮೊಟ್ಟೆಯಿಂದ ಹೊರಬಂದ ಮರಿಯು ಸುಮಾರು ಮೂರು ವಾರದಲ್ಲಿ 25 ಮಿ.ಮೀ. ಗಾತ್ರದ ಬಿತ್ತನೆ ಮರಿಯಾಗುತ್ತದೆ. ಮತ್ತೆ ಎರಡರಿಂದ ಮೂರು ತಿಂಗಳಲ್ಲಿ 80ರಿಂದ 100 ಮಿ.ಮೀ. ಗಾತ್ರದ ಬಲಿತ ಬಿತ್ತನೆಯಾಗುತ್ತದೆ. ಕೊರವ ಇರುವ ಕೆರೆಯಲ್ಲಿ 25 ಮಿ.ಮೀ. ಮರಿ ಎಂದರೆ ಅದಕ್ಕೆ ಆಹಾರ.

ಈ ಅಂಶವನ್ನು ಲೆಕ್ಕದ ಮೂಲಕ ನೋಡಬಹುದು. ಕೆಳಗಿನ ಸಂಖ್ಯೆಗಳು ತಿಳಿವಳಿಕೆಗಾಗಿ ಊಹಿಸಿದವು. ಪ್ರತಿ ಕೆರೆಯೂ ತನ್ನ ಅನುಭವದ ಸಂಖ್ಯೆಗಳನ್ನು ಹಾಕಿ ನೋಡತಕ್ಕದ್ದು. ಸರಾಸರಿ ಜಲವಿಸ್ತೀರ್ಣ 6 ಹೆಕ್ಟೇರ್ ಇರುವ, ಕೈತಿಂಡಿ ಹಾಕದ ಕೆರೆಗೆ ಹೆಕ್ಟೇರಿಗೆ 2,000ದಂತೆ 12,000 ಮರಿ ಬಿಡಲಾಯಿತೆಂದು ಭಾವಿಸೋಣ.

• ಸಣ್ಣ ಮರಿ, ಸ್ಥಳೀಯ ತಳಿ: ಶೇ. 15 ಉಳಿದರೆ 1,800 ಮೀನು. ತಲಾ 600 ಗ್ರಾಂನಂತೆ 1,080 ಕಿಲೋ.
• ಸಣ್ಣ ಮರಿ, ಶೇ. 20 ಹೆಚ್ಚು ಬೆಳೆಯುವ ಸುಧಾರಿತ ತಳಿ: 1,800 ಮೀನು, ತಲಾ 720 ಗ್ರಾಂನಂತೆ 1,296 ಕಿಲೋ.
• ಬಲಿತ ಬಿತ್ತನೆ, ಸ್ಥಳೀಯ ತಳಿ: ಶೇ. 50 ಉಳಿದರೆ 6,000 ಮೀನು. ತಲಾ 600 ಗ್ರಾಂನಂತೆ 3,600 ಕಿಲೋ.
• ಬಲಿತ ಬಿತ್ತನೆ, ಸುಧಾರಿತ ತಳಿ: 6,000 ಮೀನು, ತಲಾ 720 ಗ್ರಾಂನಂತೆ 4,320 ಕಿಲೋ.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ತಳಿ ಬದಲಿಸದೆ ಗಾತ್ರ ಬದಲಿಸಿದರೂ ಇಳುವರಿ ಮೂರುಪಟ್ಟು ದಾಟಿತು. ಎರಡನೆಯದಾಗಿ, ಸುಧಾರಿತ ತಳಿಯಿಂದ ಬಂದ ಹೆಚ್ಚುವರಿ ಸಣ್ಣ ಮರಿಯಲ್ಲಿ 216 ಕಿಲೋ ಮಾತ್ರ; ಬಲಿತ ಬಿತ್ತನೆಯಲ್ಲಿ 720 ಕಿಲೋ. ತಳಿಯ ಗುಣ ಫಲ ಕೊಡುವುದು ಬದುಕಿ ಉಳಿದ ಮೀನಿನಲ್ಲಿ ಮಾತ್ರ. ಹಣ ಸೀಮಿತವಾಗಿದ್ದರೆ ಮೊದಲು ಗಾತ್ರಕ್ಕೆ, ಆಮೇಲೆ ತಳಿಗೆ ವೆಚ್ಚ ಮಾಡುವುದು ಸರಿಯಾದ ಕ್ರಮ.

ಇನ್ನೊಂದು ಮಾತನ್ನೂ ಗಮನಿಸಬೇಕು. ಸುಧಾರಿತ ತಳಿಗಳ ಬೆಳವಣಿಗೆಯನ್ನು ಅಳೆದಿರುವುದು ಗೊಬ್ಬರ ಮತ್ತು ಆಹಾರ ಕೊಟ್ಟು ನೋಡಿಕೊಂಡ ಕೊಳಗಳಲ್ಲಿ. ಆಹಾರವಿಲ್ಲದ ಕೆರೆಯಲ್ಲಿ ಅಷ್ಟೇ ಹೆಚ್ಚಳವನ್ನು ನಿರೀಕ್ಷಿಸುವುದು ಸರಿಯಲ್ಲ. ಒಳ್ಳೆಯ ತಳಿಯ ಹಸುವಿಗೂ ಮೇವು ಬೇಕು.

8. ಕಾಲನಿರ್ಣಯ

ಕಾಟ್ಲಾ, ರೋಹು, ಮೃಗಾಲಗಳ ಮರಿ ದೊರೆಯುವುದು ಮುಖ್ಯವಾಗಿ ಮುಂಗಾರಿನಲ್ಲಿ. ಕೆರೆ ತುಂಬುವುದು ಅಕ್ಟೋಬರಿನಲ್ಲಾದರೆ, ಆಗ ಮರಿ ಹುಡುಕಿದಾಗ ದೊರೆಯುವುದು ಯಾರಿಗೂ ಬೇಡವಾಗಿ ಉಳಿದದ್ದು. ಜುಲೈನಲ್ಲಿಯೇ ಸಣ್ಣ ಮರಿಯನ್ನು ಪಡೆದು, ಕೃಷಿ ಹೊಂಡದಲ್ಲಿ ಅಥವಾ ಚಿಕ್ಕ ಕಟ್ಟೆಯಲ್ಲಿ ಎರಡು ಮೂರು ತಿಂಗಳು ಸಾಕಿ, ಕೆರೆಗೆ ನೀರು ಬಂದಾಗ ಬಲಿತ ಬಿತ್ತನೆಯಾಗಿ ಬಿಡುವುದು ಉತ್ತಮ ಉಪಾಯ. ಈ ಪಾಲನೆಯನ್ನು ಮಹಿಳಾ ಸ್ವಸಹಾಯ ಸಂಘಕ್ಕೋ ಮೀನುಗಾರರ ಸಹಕಾರ ಸಂಘಕ್ಕೋ ವಹಿಸಿದಲ್ಲಿ ಊರಿನೊಳಗೇ ಆದಾಯ ಉಳಿಯುತ್ತದೆ. 2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಮಾನ್ಯ ವರ್ಗದವರಿಗೆ ಘಟಕ ವೆಚ್ಚದ ಶೇ. 40 ಹಾಗೂ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಮಹಿಳೆಯರಿಗೆ ಶೇ. 60 ಸಹಾಯಧನವನ್ನು ನಿಗದಿಪಡಿಸಲಾಗಿತ್ತು. ಪ್ರಸಕ್ತ ಸಾಲಿನಲ್ಲಿ ಯಾವ ಘಟಕಕ್ಕೆ ಅವಕಾಶವಿದೆ ಎಂಬುದನ್ನು ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಬಹುದು.

9. ಮರಿ ಬಂದ ದಿನ

ಮರಿ ತಲುಪುವ ದಿನ ಕನಿಷ್ಠ ಇಬ್ಬರು ಸದಸ್ಯರು ಕೆರೆಯ ಏರಿಯ ಮೇಲೆ ಹಾಜರಿರುವುದು ಅವಶ್ಯ. ಅಂದು ಮಾಡಬೇಕಾದ ಕೆಲಸಗಳು ಹೀಗಿವೆ.

(ಅ) ಬಂದ ಚೀಲಗಳಲ್ಲಿ ಎರಡು ಮೂರನ್ನು ಸದಸ್ಯರೇ ಆರಿಸಿ ಅವುಗಳಲ್ಲಿನ ಮರಿಗಳನ್ನು ಪೂರ್ತಿಯಾಗಿ ಎಣಿಸುವುದು. ಸರಾಸರಿಯನ್ನು ಚೀಲಗಳ ಸಂಖ್ಯೆಯಿಂದ ಗುಣಿಸಿ ರಸೀದಿಯೊಂದಿಗೆ ತಾಳೆ ನೋಡುವುದು.
(ಆ) ಇಪ್ಪತ್ತು ಮರಿಗಳನ್ನು ಅಳತೆಪಟ್ಟಿಯ ಮೇಲಿಟ್ಟು ಉದ್ದವನ್ನು ಬರೆದುಕೊಳ್ಳುವುದು.
(ಇ) ಸತ್ತ, ಬಾಗಿದ ಬೆನ್ನಿನ, ಗಾಯವಾದ ಮರಿಗಳು ಎಷ್ಟಿವೆ ಎಂದು ನೋಡುವುದು. ಚೆನ್ನಾಗಿರುವ ಮರಿ ಹರಿವಿಗೆ ಎದುರಾಗಿ ಈಜುತ್ತದೆ. ಬೋಗುಣಿಯ ನೀರನ್ನು ಕೈಯಿಂದ ಸುತ್ತಿಸಿದರೆ ಇದು ತಿಳಿಯುತ್ತದೆ.
(ಈ) ಚೀಲಗಳನ್ನು ಬಿಚ್ಚದೆ 15ರಿಂದ 20 ನಿಮಿಷ ಕೆರೆಯ ನೀರಿನ ಮೇಲೆ ತೇಲಬಿಟ್ಟು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಕೆರೆಯ ನೀರನ್ನು ಚೀಲದೊಳಗೆ ಸೇರಿಸಿ, ಮರಿಗಳು ತಾವಾಗಿ ಹೊರಹೋಗಲು ಬಿಡುವುದು. ಬೆಳಗಿನ ಅಥವಾ ಸಂಜೆಯ ತಂಪು ಹೊತ್ತು ಇದಕ್ಕೆ ಸೂಕ್ತ.
(ಉ) ತೂಬಿಗೂ ಕೋಡಿಗೂ ಮುಂಚಿತವಾಗಿಯೇ ಜಾಲರಿ ಅಳವಡಿಸಿರುವುದು.
(ಊ) ಇಷ್ಟನ್ನೂ ಮಹಜರಿನಲ್ಲಿ ದಾಖಲಿಸಿ, ಹಾಜರಿದ್ದವರ ಸಹಿ ಪಡೆದು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳ ಕಡತಕ್ಕೆ ಸೇರಿಸುವುದು.

10. ಗುತ್ತಿಗೆಯ ಷರತ್ತುಗಳಲ್ಲಿ ತಳಿಯ ವಿಷಯ

ಗರಿಷ್ಠ ಮೊತ್ತವೊಂದನ್ನೇ ಮಾನದಂಡವಾಗಿಸಿ ಒಂದು ವರ್ಷಕ್ಕೆ ಮಾತ್ರ ಗುತ್ತಿಗೆ ನೀಡಿದರೆ, ಗುತ್ತಿಗೆದಾರರು ಬಿತ್ತನೆಯ ವೆಚ್ಚದಲ್ಲಿ ಉಳಿತಾಯ ಮಾಡುವುದು ಸಹಜ. ಮುಂದಿನ ವರ್ಷ ಕೆರೆ ಯಾರ ಪಾಲಿಗೋ ಎಂಬ ಅನಿಶ್ಚಯದಲ್ಲಿ ಒಳ್ಳೆಯ ಮರಿಗೆ ಹಣ ಹಾಕುವವರು ವಿರಳ. ನಿಯಮಗಳು ಅವಕಾಶ ಕೊಡುವ ಮಿತಿಯಲ್ಲಿ ಗುತ್ತಿಗೆಯ ಅವಧಿಯನ್ನು ನಿಗದಿಪಡಿಸುವಾಗ ಈ ಅಂಶವನ್ನು ಸಭೆಯು ಪರಿಗಣಿಸಬೇಕು. ಷರತ್ತುಗಳಲ್ಲಿ ಮರಿಯ ಜಾತಿ, ಕನಿಷ್ಠ ಉದ್ದ, ಸಂಖ್ಯೆ, ಮೂಲ ಕೇಂದ್ರದ ಹೆಸರುಳ್ಳ ರಸೀದಿ, ಸದಸ್ಯರ ಸಮ್ಮುಖದಲ್ಲಿ ಬಿತ್ತನೆ, ನಿಷೇಧಿತ ಜಾತಿಗಳನ್ನು ಬಿಟ್ಟಲ್ಲಿ ಗುತ್ತಿಗೆ ರದ್ದು ಇವಿಷ್ಟನ್ನು ಸೇರಿಸುವುದರಿಂದ ಮುಂದೆ ತಕರಾರಿಗೆ ಎಡೆಯಿರುವುದಿಲ್ಲ.

ಬಿತ್ತನೆಯ ನಂತರ ತಿಂಗಳಿಗೊಮ್ಮೆ ಬಲೆ ಬೀಸಿ ಇಪ್ಪತ್ತು ಮೀನುಗಳ ತೂಕವನ್ನು ವಹಿಯಲ್ಲಿ ಬರೆದಿಡುವ ಪದ್ಧತಿ ಬೆಳೆಯಬೇಕು. ಪಂಚಾಯಿತಿ ವ್ಯಾಪ್ತಿಯಲ್ಲಿ ಹೆಚ್ಚುಕಡಿಮೆ ಒಂದೇ ಬಗೆಯ ಎರಡು ಕೆರೆಗಳಿದ್ದರೆ, ಒಂದರಲ್ಲಿ ಅಮೂರ್ ತಳಿಯನ್ನೂ ಮತ್ತೊಂದರಲ್ಲಿ ಎಂದಿನ ತಳಿಯನ್ನೂ ಅದೇ ಗಾತ್ರದಲ್ಲಿ, ಅದೇ ಸಾಂದ್ರತೆಯಲ್ಲಿ ಬಿಟ್ಟು ನೋಡಬಹುದು. ಎರಡು ಮೂರು ವರ್ಷಗಳ ಇಂತಹ ದಾಖಲೆಯು ಆ ಊರಿನ ನೀರಿಗೆ ಯಾವುದು ಹೊಂದುತ್ತದೆ ಎಂಬುದನ್ನು ಯಾವ ಜಾಹೀರಾತಿಗಿಂತಲೂ ಸ್ಪಷ್ಟವಾಗಿ ಹೇಳುತ್ತದೆ.

11. ಸಾರಾಂಶ

ಕೆರೆಯಲ್ಲಿ ನೀರು ನಿಲ್ಲುವ ಅವಧಿಯು ಜಾತಿಯನ್ನು ನಿರ್ಧರಿಸುತ್ತದೆ. ಕೆರೆಯಲ್ಲಿರುವ ಮಾಂಸಾಹಾರಿ ಮೀನುಗಳು ಮರಿಯ ಗಾತ್ರವನ್ನು ನಿರ್ಧರಿಸುತ್ತವೆ. ಮೂಲ ಕೇಂದ್ರದ ಪ್ರಾಮಾಣಿಕತೆಯು ತಳಿಯನ್ನು ನಿರ್ಧರಿಸುತ್ತದೆ. ಈ ಮೂರನ್ನೂ ಇದೇ ಕ್ರಮದಲ್ಲಿ ವಿಚಾರಿಸಿ, ಪ್ರತಿಯೊಂದನ್ನೂ ದಾಖಲಿಸಿದಲ್ಲಿ ಕೆರೆಯು ಪಂಚಾಯಿತಿಗೆ ಆದಾಯದ ಮೂಲವಾಗುತ್ತದೆ.

12. ಸಭೆಯಲ್ಲಿ ಚರ್ಚೆಗಾಗಿ ಪ್ರಶ್ನೆಗಳು

1. ಪಂಚಾಯಿತಿ ವ್ಯಾಪ್ತಿಯ ಪ್ರತಿ ಕೆರೆಯಲ್ಲಿ ನೀರು ಎಷ್ಟು ತಿಂಗಳು ನಿಲ್ಲುತ್ತದೆ? ಕಳೆದ ಮೂರು ವರ್ಷಗಳ ಅನುಭವವೇನು?
2. ಕಳೆದ ಸಾಲಿನಲ್ಲಿ ಬಿಟ್ಟ ಮರಿಗಳ ಜಾತಿ, ಗಾತ್ರ ಮತ್ತು ಮೂಲದ ದಾಖಲೆ ಕಡತದಲ್ಲಿದೆಯೇ?
3. ಹಿಡಿದ ಮೀನಿನ ಸರಾಸರಿ ತೂಕ ಎಷ್ಟಿತ್ತು? ಕಡಿಮೆಯಿದ್ದಲ್ಲಿ ಕಾರಣ ತಳಿಯೋ, ಗಾತ್ರವೋ, ಅತಿ ಬಿತ್ತನೆಯೋ?
4. ಸಣ್ಣ ಮರಿಯನ್ನು ಬಲಿತ ಬಿತ್ತನೆಯಾಗಿ ಸಾಕಲು ಊರಿನಲ್ಲಿ ಯಾವ ಹೊಂಡ ಅಥವಾ ಕಟ್ಟೆ ಲಭ್ಯವಿದೆ? ಯಾವ ಸಂಘವು ಜವಾಬ್ದಾರಿ ವಹಿಸಬಲ್ಲದು?
5. ಮುಂದಿನ ಗುತ್ತಿಗೆಯ ಷರತ್ತುಗಳಲ್ಲಿ ಈ ಲೇಖನದ 10ನೇ ಭಾಗದ ಅಂಶಗಳಲ್ಲಿ ಯಾವುವನ್ನು ಸೇರಿಸಬೇಕು?

ಈ ಪ್ರಶ್ನೆಗಳಿಗೆ ದೊರೆತ ಉತ್ತರಗಳನ್ನು ಸಭೆಯ ನಡಾವಳಿಯಲ್ಲಿ ದಾಖಲಿಸಿಕೊಂಡು, ಬಿತ್ತನೆ ಹಂಗಾಮಿಗೆ ಮುಂಚಿತವಾಗಿ ನಿರ್ಣಯ ಕೈಗೊಳ್ಳುವುದು ಸೂಕ್ತ.